ಉಪ್ಪು ನೋಡುವವರು

ಬೇಳೆ ಆರಿಸುತ್ತಿದ್ದ ರಹೀಮಾಳ ಕೈ ನಡುಗಿ ತಾಟು ನೆಲಕ್ಕೆ ಬಿತ್ತು. ಎದುರಿಗೆ ಕುಳಿತಿದ್ದ ಸೊಸೆ ತಹಮೀನಾ ತಲೆ ಎತ್ತಿದಳು. ಅತ್ತೆಯ ಹಣೆ ಬೆವರಿನಿಂದ ತೊಯ್ದಿತ್ತು.

"ಅಮ್ಮೀ, ಮುಂಜಾನೆ ಏನ್ ತಿಂದ್ರಿ?"

ರಹೀಮಾ ಚೆಲ್ಲಿದ ಬೇಳೆಯನ್ನು ಬಳಿಯತೊಡಗಿದಳು. ತಹಮೀನಾ ಮೂಲೆಯಲ್ಲಿ ಮುಚ್ಚಿಟ್ಟಿದ್ದ ತಟ್ಟೆ ತೆರೆದು ನೋಡಿದಳು. ರೊಟ್ಟಿ, ಪಲ್ಯ ಹಾಗೇ ಇದ್ದವು. ಇನ್ಸುಲಿನ್ ಸೂಜಿಯನ್ನು ಮಾತ್ರ ಮಗ ಮುಶರಫ ಕೆಲಸಕ್ಕೆ ಹೋಗುವ ಮುನ್ನ ತಾನೇ ಚುಚ್ಚಿದ್ದ. ಹೊಟ್ಟೆಯೊಳಗಿನ ಗ್ರಂಥಿ ದಣಿದಿದೆ, ಇನ್ಸುಲಿನ್ ಸಾಕಷ್ಟು ಒಸರುತ್ತಿಲ್ಲ, ಇನ್ನು ಬರೀ ಮಾತ್ರೆಗೆ ಸಕ್ಕರೆ ಬಗ್ಗದು ಎಂದಿದ್ದರು ಡಾಕ್ಟರು. ಸೂಜಿ ತೆಗೆದುಕೊಂಡು ಉಪವಾಸವಿದ್ದರೆ ಜೀವಕ್ಕೇ ಅಪಾಯ, ಈ ಸಲ ರಂಜಾನಿನ ರೋಜಾ ಬೇಡವೇ ಬೇಡ ಎಂದೂ ಹೇಳಿದ್ದರು.

ತಹಮೀನಾ ಲೋಟದಲ್ಲಿ ಸಕ್ಕರೆ ಕದಡಿ ತಂದಳು. ರಹೀಮಾ ಮುಖ ತಿರುಗಿಸಿದಳು.

"ಇರೂದು ಒಂದೇ ಖೋಲಿ, ಬೇಟಿ. ರೋಜಾ ಹಿಡಿದ ಹುಡುಗಿ ಮುಂದ ಕುಂತು ನಾ ಹೆಂಗ ನುಂಗಲಿ? ಸಂಜಿ ಆಗ್ಲಿ, ನಿನ್ನ ಜೋಡಿನೇ ಕುಡೀತೀನಿ."

ಚಾಳಿನ ನಲ್ಲಿಯ ಹತ್ತಿರ ಹೆಂಗಸರ ಮಾತು ಕೇಳುತ್ತಿತ್ತು. ತಹಮೀನಾ ಎದ್ದು ಬಾಗಿಲು ಮುಂದೆ ಮಾಡಿ ಬಂದಳು. ಮದುವೆಯಾಗಿ ಕುರ್ಲಾದ ಈ ಚಾಳಿಗೆ ಬಂದ ಮೇಲೆ ಅವಳಿಗಿದು ಮೊದಲ ರಂಜಾನ್.

"ನನಗೂ ಇವತ್ತ ರೋಜಾ ಇಲ್ಲ ಅಮ್ಮೀ," ಎಂದಳು ಮೆಲ್ಲಗೆ. "ನಿನ್ನೆ ಮುಟ್ಟಾಗೀನಿ. ಹೇಳಾಕ ನಾಚಿಕಿ ಆತು."

"ಮತ್ತ ನಿನ್ನೆಯಿಂದ ಹಗಲೆಲ್ಲಾ ಉಪಾಸ ಕುಂತೀ?"

"ನೀವು ಏನಂತೀರೋ ಅಂತ..."

ರಹೀಮಾ ಲೋಟ ಕಸಿದುಕೊಂಡು ಗಟಗಟ ಕುಡಿದಳು. ನಡುಕ ಇಳಿದ ಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದರು. ಹೊರಗೆ ಕೇಳಿಸದಂತೆ ಬಾಯಿಗೆ ಸೆರಗು ಒತ್ತಿ ನಕ್ಕರು.

ಆ ದಿನಗಳು ಮುಗಿದು ತಹಮೀನಾ ಮತ್ತೆ ರೋಜಾ ಹಿಡಿದಳು. ಅಂದು ಸೂಜಿಯಾದ ಮೇಲೆ ರಹೀಮಾ ಗೋಡೆಯ ಕಡೆ ಹೊರಳಿ, ನಿದ್ದೆ ಬಂದವಳಂತೆ ಮಲಗಿಬಿಟ್ಟಳು. ತಹಮೀನಾ ಬಿಡಲಿಲ್ಲ, ಎಬ್ಬಿಸಿ ಕೂರಿಸಿದಳು. ಒಣಗಿದ ತುಟಿ ಸವರಿಕೊಂಡು ರೊಟ್ಟಿ ಮುರಿದಳು. ಆಗಷ್ಟೇ ಇಳಿಸಿದ ಪಲ್ಯದಲ್ಲಿ ಅದ್ದಿ ಅತ್ತೆಯ ಬಾಯಿಗೆ ಹಿಡಿದಳು.

"ಬ್ಯಾಡ ಬೇಟಿ, ನೀ ಹಸಗೊಂಡೀ..."

"ಉಪ್ಪು ನೋಡಿ ಹೇಳ್ರಿ ಅಮ್ಮೀ. ಸಂಜಿಗೆ ಎಲ್ಲಾರೂ ಉಣ್ಣೂದು ಇದನ್ನ. ನಾ ಬಾಯಾಗ ಇಡಂಗಿಲ್ಲ. ಮನ್ಯಾಗ ನೋಡಾವ್ರು ನೀವೊಬ್ರೇ."

ರಹೀಮಾ ತುತ್ತು ತೆಗೆದುಕೊಂಡು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು.

"ಗೊತ್ತಾಗವಲ್ದು," ಎಂದಳು. "ಇನ್ನೊಂದ್ ತುತ್ತು ಕೊಡು, ನೋಡೂನು."