ಯಂತ್ರದ ಕಣ್ಣು

ಹರಳೆಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಕಾರ್ಕಳದ ಗೇರುಬೀಜ ಕಾರ್ಖಾನೆ ನೆನಪಾಗುತ್ತದೆ. ಚಿಪ್ಪಿನ ಸೊನೆ ಸುಡದಂತೆ ಅಮ್ಮ, ಅವಳ ಪಕ್ಕದಲ್ಲಿ ಕೂರುವ ಗಿರಿಜಕ್ಕ, ಇಬ್ಬರೂ ಕೈತುಂಬ ಆ ಎಣ್ಣೆ ಹಚ್ಚಿಕೊಂಡು ಬೀಜ ಒಡೆಯುತ್ತಿದ್ದರು.

ಆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ನಾನು ಅಲ್ಲಿಗೆ ಹೋದಾಗ ಬೀಜ ಒಡೆಯುವ ಯಂತ್ರ ಬಂದಿತ್ತು. "ಇನ್ನು ನಿಮ್ಮಿಬ್ಬರಲ್ಲಿ ಒಬ್ಬರು ಸಾಕು," ಎಂದರು ಮೇನೇಜರು.

ಅಮ್ಮ ಥಟ್ಟನೆ ಎದ್ದಳು. "ಸ್ವಿಚ್ ಎಲ್ಲಿ ಉಂಟು? ನಾನು ಕಲಿಯುತ್ತೇನೆ."

ಸ್ವಿಚ್ ಒತ್ತಿ ಬೀಜ ಸುರಿದಳು. ತಟ್ಟೆಗೆ ಬಿದ್ದದ್ದೆಲ್ಲ ತುಂಡು. ಗಿರಿಜಕ್ಕ ನಕ್ಕಳು. "ಯಂತ್ರಕ್ಕೆ ಕಣ್ಣು ಉಂಟಾ ಮಾರಾಯ್ತಿ? ಸಣ್ಣದು, ದೊಡ್ಡದು ಬೇರೆ ಮಾಡಿ ಹಾಕು."

ಅಮ್ಮ ಹಾಗೆಯೇ ಹಾಕಿದಳು. ಬೀಜಗಳು ಇಡಿ ಇಡಿಯಾಗಿ ಬಿದ್ದವು.

"ನಾನು ಹೇಳಿದ್ದೇ ಸರಿ ಅಲ್ವಾ?" ಎಂದಳು ಗಿರಿಜಕ್ಕ. ಆಮೇಲೆ ಬೂದಿ ಹಚ್ಚಿ ಕೈಯ ಎಣ್ಣೆ ತೊಳೆದುಕೊಂಡಳು. ಕೆಲಸ ಬಿಡುವ ಸಂಜೆಯ ಸೈರನ್ನಿಗೆ ಇನ್ನೂ ಎರಡು ಗಂಟೆ ಇತ್ತು.