ಅಂಗೈ ನೆರಳಿನ ಅಂಕಿ

ಟಿಕ್.

ಸುಲೋಚನಮ್ಮನಿಗೆ ಎಚ್ಚರವಾಯಿತು. ಗಂಟೆ ಒಂದೂವರೆ. ತುಸು ಹೊತ್ತು ಬಿಟ್ಟು ಮತ್ತೆ ಟಿಕ್. ಪಕ್ಕದಲ್ಲಿ ಗಂಡ ಇಲ್ಲ. ಅದು ಅಂಗಡಿಯಲ್ಲಿ ವೋಲ್ಟೇಜು ಅಳೆಯುವ ಮೀಟರಿನ ಗುಂಡಿ ತಿರುಗುವ ಸದ್ದು. ಮೂವತ್ತು ವರ್ಷದಿಂದ ಕೇಳುತ್ತಿದ್ದಾಳೆ. ಆದರೂ ಎದ್ದು ಕೂತಳು. ಇಷ್ಟು ಹೊತ್ತಿನಲ್ಲಿ, ಕರೆಂಟಿನ ಕೆಲಸ, ಒಬ್ಬರೇ!

ಮನೆಯ ಮುಂದಿನ ಕೋಣೆಯೇ ಗಂಡ ಪರಮೇಶಪ್ಪನವರ ರಿಪೇರಿ ಅಂಗಡಿ. ಶನಿವಾರಸಂತೆ ಊರ ಸುತ್ತಿನ ಟಿವಿ, ಯುಪಿಎಸ್, ಆನೆ ತಡೆಯುವ ಸೋಲಾರ್ ಬೇಲಿಯ ಪೆಟ್ಟಿಗೆ ಎಲ್ಲ ಬರುವುದು ಅಲ್ಲಿಗೇ. ಮೊನ್ನೆಮೊನ್ನೆಯವರೆಗೂ ಹಗಲೆಲ್ಲ ಅವರ ಎರಡು ಕೈಯಲ್ಲೂ ಮೀಟರಿನ ವೈರು, ಕಣ್ಣು ಬೋರ್ಡಿನ ಮೇಲೆ. ಪಕ್ಕದ ಸ್ಟೂಲಿನಲ್ಲಿ ಸುಲೋಚನಮ್ಮ. ಹಳೇ ಮೀಟರಿನ ಹಸಿರು ಅಂಕಿಗಳು ಎಷ್ಟು ಮಂಕೆಂದರೆ, ಗಾಜಿಗೆ ಅಂಗೈ ಮರೆಮಾಡಿ ಬಗ್ಗಿ ನೋಡಿದರಷ್ಟೇ ಕಂಡಾವು.

"ಎಷ್ಟು ತೋರಿಸ್ತದೆ?"

"ಹನ್ನೆರಡು ಪಾಯಿಂಟ್ ನಾಲ್ಕು."

ಇಡೀ ದಿನ ಗಂಡಹೆಂಡಿರ ಮಾತೆಂದರೆ ಹೆಚ್ಚುಕಡಿಮೆ ಇಷ್ಟೇ.

ಹೋದ ವಾರ ಮಗಳು ಅಮೃತಾ ಬಂದಿದ್ದಳು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ಮೀಟರಿನ ಹಳೇ ಡಿಸ್‌ಪ್ಲೇ ಕಿತ್ತು, ಕೆಂಪು ಎಲ್‌ಇಡಿಯದನ್ನು ಕೂರಿಸಿದಳು. "ಇನ್ನು ರಸ್ತೇಲಿ ನಿಂತೇ ಓದ್ಬೋದು ಅಪ್ಪ. ಅಮ್ಮಂಗೂ ರೆಸ್ಟು."

"ನಿಂಗೆ ಬಿಡುಗಡೆ ಆಯ್ತು ಕಣೇ!" ಎಂದು ಪರಮೇಶಪ್ಪ ನಕ್ಕರು. ಸುಲೋಚನಮ್ಮನೂ ನಕ್ಕಳು. ಮಾರನೆಯ ದಿನ ಅವಳ ಸ್ಟೂಲಿನ ಮೇಲೆ ಯಾರದೋ ಯುಪಿಎಸ್ ಕೂತಿತ್ತು. ವಾರವಿಡೀ ಅಡುಗೆಮನೆಗೆ ಕೇಳಿದ್ದು ಟಿಕ್ ಸದ್ದೊಂದೇ. ಅವಳು ತೊಳೆದ ಲೋಟಗಳನ್ನೇ ಮತ್ತೆ ತೊಳೆದಿಟ್ಟಳು.

ಈಗ ನಡುರಾತ್ರಿ ಎದ್ದುಬಂದು ಅಂಗಡಿ ಬಾಗಿಲ ಪರದೆಯ ಸಂದಿಯಲ್ಲಿ ಕಣ್ಣಿಟ್ಟಳು. ಕೆಂಪು ಡಿಸ್‌ಪ್ಲೇ ಬಿಸ್ಕೆಟ್ ಡಬ್ಬಿಯೊಳಗಿತ್ತು. ಪರಮೇಶಪ್ಪ ಹಸಿರು ಅಂಕಿಯ ಹಳೇ ಡಿಸ್‌ಪ್ಲೇಯನ್ನೇ ಮತ್ತೆ ಕೂರಿಸಿ ಕೊನೆಯ ಬೆಸುಗೆ ಹಾಕಿ, ಗುಂಡಿ ತಿರುಗಿಸಿ, ಅಂಗೈ ಮರೆಮಾಡಿ ಬಗ್ಗಿ ನೋಡಿದರು. ಏನೂ ಕಾಣಲಿಲ್ಲವೇನೋ, ಒಬ್ಬರೇ ನಕ್ಕರು. ಆಮೇಲೆ ಯುಪಿಎಸ್ ನೆಲಕ್ಕಿಳಿಸಿ, ಹೆಗಲ ಟವಲಿನಿಂದ ಸ್ಟೂಲು ಒರೆಸಿದರು. ಒಂದು ಸಲವಲ್ಲ, ಎರಡು ಸಲ.

ಸುಲೋಚನಮ್ಮ ಸದ್ದಿಲ್ಲದೆ ಹೋಗಿ ಹೊದ್ದು ಮಲಗಿದಳು.

ಬೆಳಿಗ್ಗೆ ಅಮೃತಾಳ ಫೋನು ಬಂತು. ಸುಲೋಚನಮ್ಮ ಸ್ಪೀಕರಿಗೆ ಹಾಕಿ ಹಿಡಿದಳು. ಪರಮೇಶಪ್ಪ ಬೋರ್ಡಿನಿಂದ ತಲೆಯೆತ್ತದೆ, "ಹಳೇ ಮೀಟರಿಗೆ ಹೊಸದು ಒಗ್ಗಲಿಲ್ಲ ಕಣವ್ವ," ಎಂದರು.

"ಮೀಟರಿಗೋ, ನಿಮಗೋ? ಅಮ್ಮ, ನಿನ್ನೆ ತನಕ ಸರಿಯಾಗೇ ಇತ್ತಲ್ವಾ? ನೀನಾದ್ರೂ ಹೇಳು."

ಪರಮೇಶಪ್ಪನವರ ಕೈಯಲ್ಲಿದ್ದ ವೈರು ನಿಂತಲ್ಲೇ ನಿಂತಿತು.

"ನಂಗೇನು ಗೊತ್ತಾಗ್ತದೆ ತಾಯಿ ಇವೆಲ್ಲ," ಎಂದು ಸುಲೋಚನಮ್ಮ ಫೋನಿಟ್ಟಳು.

"ಎಷ್ಟು ತೋರಿಸ್ತದೆ?"

ಅವಳು ಸ್ಟೂಲಿನಲ್ಲಿ ಕೂತು ಗಾಜಿಗೆ ಅಂಗೈ ಮರೆಮಾಡಿದಳು. ರಾತ್ರಿ ಕಂಡದ್ದನ್ನು ಯಾರಿಗೂ ಹೇಳಬಾರದು, ಇವರಿಗಂತೂ ಬೇಡವೇ ಬೇಡ, ಎಂದುಕೊಂಡು ಅಂಕಿ ಓದಲು ಬಗ್ಗಿದಳು.