ಒಂದು ಸುತ್ತು ಹೆಚ್ಚು

'ಸಂಖ್ಯೆಯನ್ನು ಪರದೆಯ ಮೇಲೆ ತೋರಿಸು' ಎಂಬ ಒಂದು ಸಾಲನ್ನು ತಂಗಿ ಪ್ರೋಗ್ರಾಮಿನಿಂದ ಅಳಿಸಿ ಓಡಿಸಿದ್ದೇ ತಡ, ಖಾಲಿ ಓಡುತ್ತಿದ್ದ ಕೊರೆಯುವ ಯಂತ್ರ ಮತ್ತೆ ಒಂದು ಸುತ್ತು ಹೆಚ್ಚಿಗೆ ತಿರುಗಿತು. ಸಾಲನ್ನು ಸೇರಿಸಿದಳು, ನಿಲ್ಲಬೇಕಾದಲ್ಲೇ ನಿಂತಿತು. ಕೃತಕ ಕಾಲಿನಲ್ಲಿ ಮೊಂಡುಗಾಲು ಕೂರುವ ಬಟ್ಟಲನ್ನು ಒಳಗಿನಿಂದ ಕೊರೆಯುವ ಯಂತ್ರ ಅದು. ಅದು ಕೊರೆದ ಕಾಲನ್ನೇ ಹಾಕಿಕೊಂಡು ಅಣ್ಣ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ.

"ನೋಡ್ತಿದ್ರೆ ಮಾತ್ರ ನೆಟ್ಟಗಿರುತ್ತೆ," ಎಂದ. "ಚಿಕ್ಕೋಳಿದ್ದಾಗ ನೀನೂ ಹಿಂಗೇ. ಅಮ್ಮ ಬಾಗಿಲಲ್ಲಿ ನಿಂತ್ರೆ ಮಾತ್ರ ಓದ್ತಿದ್ದೆ."

ಅವಳು ನಗಲಿಲ್ಲ. ಪ್ರೋಗ್ರಾಮನ್ನು ಯಂತ್ರದ ಭಾಷೆಗಿಳಿಸುವ ಕಂಪೈಲರಿನಲ್ಲಿ 'ನಿಖರತೆ' ಬಿಟ್ಟು 'ವೇಗ' ಆರಿಸಿದವಳು ಅವಳೇ. ಹಾಗೆ ಆರಿಸಿದರೆ ಕಂಪ್ಯೂಟರು ದಶಮಾಂಶದ ಕೊನೆಯ ಅಂಕಿಗಳನ್ನು ತನಗೆ ಅನುಕೂಲವಾದಂತೆ ಇಟ್ಟುಕೊಳ್ಳುತ್ತದೆ. ತೋರಿಸು ಎಂದಾಗಷ್ಟೇ ಸರಿಮಾಡಿ ಒಪ್ಪಿಸುತ್ತದೆ. ಕೊರೆದ ಆಳದ ಮೊತ್ತ ಕೂದಲೆಳೆಯಷ್ಟು ಕಡಿಮೆ ಬಂದರೂ ಯಂತ್ರ ಇನ್ನೊಂದು ಸುತ್ತು ಕೊರೆಯುತ್ತದೆ, ಬಟ್ಟಲು ಅಷ್ಟು ಅಗಲವಾಗುತ್ತದೆ. ಕಾಲು ಸಡಿಲ ಎಂದು ಅಣ್ಣ ಅಂದಾಗಲೆಲ್ಲ, ಮೆಟ್ಟಿಲ ಮೇಲೆ ಬಿದ್ದು ಬಂದ ದಿನವೂ, ಅವಳದು ಒಂದೇ ಉತ್ತರ: "ಲೆಕ್ಕ ಸರಿಯಿದೆ. ನಿನ್ನ ಕಾಲೇ ಸೊರಗಿದೆ, ಹೊಟ್ಟೆ ತುಂಬ ತಿನ್ನು."

ಈಗ ಸೆಟ್ಟಿಂಗನ್ನು 'ನಿಖರತೆ'ಗೆ ಬದಲಿಸಿ, ಆ ಸಾಲನ್ನು ಅಳಿಸಿ ಓಡಿಸಿದಳು. ಯಂತ್ರ ನಿಲ್ಲಬೇಕಾದಲ್ಲೇ ನಿಂತಿತು.

"ನಿನ್ನ ಕಾಲು ಸೊರಗಿರಲಿಲ್ಲ, ಅಣ್ಣ," ಎಂದಳು, ಪರದೆ ನೋಡುತ್ತಲೇ.

ಅಣ್ಣ ಬಗ್ಗಿ ಕಾಲು ಬಿಚ್ಚಿದ. ಸಡಿಲ ತುಂಬಲೆಂದು ಬಟ್ಟಲೊಳಗೆ ಒಂದರ ಮೇಲೊಂದು ತುರುಕಿದ್ದ ಕಾಲುಚೀಲಗಳನ್ನು ಎಳೆದೆಳೆದು ಅವಳ ಕೀಬೋರ್ಡಿನ ಮೇಲಿಟ್ಟ. "ನಿಮ್ಮತ್ತಿಗೆಗೆ ನೀನೇ ಹೇಳು," ಎಂದ. "ನೀನಂದಿದ್ದಕ್ಕೆ ದಿನಾ ಬಲವಂತ ಮಾಡಿ ಬಡಿಸ್ತಿದ್ದಾಳೆ. ಪ್ಯಾಂಟೆಲ್ಲ ಬಿಗಿಯಾಯ್ತು. ಕಾಲೊಂದೇ ಸಡಿಲ."